ಡಚೆಸ್‌ಳ ಕೇಸ್ ಶೀಟು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆಸ್ಪತ್ರೆ ಮಂಡಳಿಯ ಆ ಸಭೆಯ ನಡಾವಳಿ ಬರೆದುಕೊಂಡವನು ನಾನೇ, ಆದ್ದರಿಂದ ಇದು ನಿಜ.

ಬಿಟರ್ ಫೋರ್ಕ್ ಎಂಬ ನಮ್ಮೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ. ನರ್ಸ್ ಪ್ರಾಕ್ಟೀಷನರ್ ಲೊರೆಟಾ ಇದ್ದಾಳೆ. ಕಾನೂನು ಬದಲಾದ ಮೇಲೆ ಅವಳು ತನ್ನದೇ ಸಹಿಯಲ್ಲಿ ಔಷಧಿ ಬರೆಯುತ್ತಾಳೆ. ಪಕ್ಕದ ಕೋಣೆಯ ಆರಿನ್ ಫಿಜಿಶಿಯನ್ ಅಸಿಸ್ಟೆಂಟ್, ಅಂದರೆ ಡಾಕ್ಟರೊಬ್ಬರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವವನು. ಅವನು ನೋಡಿದ ಪ್ರತಿ ರೋಗಿಯ ಶೀಟೂ ತೊಂಬತ್ತು ಮೈಲಿ ಆಚೆಯ ಡಾಕ್ಟರ್ ಹ್ಯಾಡ್ಲಾಕರ ಸಹಿಗೆ ಹೋಗಬೇಕು. ಅವರು ಜೂನ್‌ಗೆ ನಿವೃತ್ತರಾಗುತ್ತಾರೆ. ಸಹಿಗೆ ಇನ್ನೊಬ್ಬರು ಸಿಕ್ಕಿಲ್ಲ. ಹೊಸ ನಿಯಮದಂತೆ ಆಸ್ಪತ್ರೆಯ ಮಂಡಳಿ ಒಪ್ಪಿದರೆ ಆರಿನ್ ಸ್ವತಂತ್ರ. ಒಪ್ಪದಿದ್ದರೆ ಅವನ ಕೋಣೆಗೆ ಬೀಗ.

ಇದನ್ನು ತೀರ್ಮಾನಿಸಲು ಕರೆದ ಸಭೆಯಲ್ಲಿ ಮಂಡಳಿಯ ಸದಸ್ಯರೂ ಆದ ಹ್ಯಾಡ್ಲಾಕರು ಎದ್ದು ಮೂಗಿನಲ್ಲೇ ರಾಗ ಎಳೆದರು. ಬೇಕಾದರೆ ಈಗಲೂ ಎಳೆದು ತೋರಿಸಬಲ್ಲೆ. "ನೋಡ್ರಪ್ಪಾ, ಹುಡುಗ ಒಳ್ಳೆಯೋನೇ. ಆದ್ರೆ ಒಂದೊಂದು ಶೀಟನ್ನೂ ನಾನು ಅಕ್ಷರ ಬಿಡದೆ ಓದ್ತೀನಿ. ಈ ಕಣ್ಣು ತಪ್ಪಿದ್ರೆ ಜನರ ಗತಿ ಏನು?"

ನಲವತ್ತೇಳು ವರ್ಷದ "ಹುಡುಗ" ಆರಿನ್ ಎದ್ದು ಒಂದು ಶೀಟನ್ನು ಅವರ ಕೈಗಿಟ್ಟ. "ಹಾಗಾದ್ರೆ ಹೋದ ತಿಂಗಳು ನಾನು ಕಳಿಸಿದ ಈ ಶೀಟು ಸ್ವಲ್ಪ ಓದಿ ಡಾಕ್ಟ್ರೇ. ಎಲ್ರಿಗೂ ಕೇಳೋ ಹಾಗೆ."

"ಹೆಸರು, ಡಚೆಸ್. ವಯಸ್ಸು ಆರು. ಹೆರಿಗೆ..." ಹ್ಯಾಡ್ಲಾಕರು ತಡವರಿಸಿದರು. "ನಾಲ್ಕು."

"ಓದಿ, ಓದಿ. ಸಂಕೋಚ ಬೇಡ," ಎಂದಳು ಲೊರೆಟಾ.

"ತೂಕ ಸಾವಿರದ ಮುನ್ನೂರು ಪೌಂಡು. ಗಂಡ ಒಬ್ಬನೇ, ಸವತಿಯರು ನಲವತ್ತು. ಬಾಲದ ಹತ್ರ ನೊಣದ ಕಾಟ."

ಕೆಳಗೆ ಅವರದೇ ಸಹಿ. ಪಕ್ಕದಲ್ಲಿ ಅವರದೇ ಕೈಬರಹ: ಒಪ್ಪಿದೆ. ಸಿಗರೇಟು ಬಿಡಲು ಹೇಳಿ.

ಅಧ್ಯಕ್ಷ ಡೆಲ್ಬರ್ಟನ ಮುಖ ಕೆಂಪಾಯಿತು. ಡಚೆಸ್ ಅವನದೇ ಹಸು. "ಏನಯ್ಯಾ ಇದು ಹುಡುಗಾಟ? ಇದಕ್ಕೇ ಕೆಲಸ ಹೋಗುತ್ತೆ, ಗೊತ್ತಾ?"

"ಗೊತ್ತು, ತೆಗೆಯೋದಾದ್ರೆ ತೆಗೀರಿ. ಯಾವ ರೋಗಿಯ ಕಡತಕ್ಕೂ ಇದು ಸೇರಿಲ್ಲ. ಆದ್ರೆ ಹತ್ತೊಂಬತ್ತು ವರ್ಷ ನಿಮ್ಮ ಜ್ವರ, ಮುರಿದ ಕೈಕಾಲು ನೋಡಿದ್ದು ನಾನು, ಆ ಸಹಿ ಅಲ್ಲ. ಬೀಗ ಹಾಕೋದಾದ್ರೆ ನೀವೇ ಬಂದು ಹಾಕಿ. ನಾನಂತೂ ಬೀಗದಕೈ ಕೊಡಲ್ಲ."

"ನನಗೆ ಸ್ವಂತ ಸಹಿ ಸಿಕ್ಕಾಗ್ಲೂ ಜನರ ಗತಿ ಏನು ಅಂತ ಇದೇ ಗೋಳು," ಎಂದಳು ಲೊರೆಟಾ. "ಆವತ್ತಿಂದ ಸತ್ತೋರೆಲ್ಲ ಕೈ ಎತ್ರಿ ನೋಡೋಣ."

ಯಾರೂ ಎತ್ತಲಿಲ್ಲ. ಹ್ಯಾಡ್ಲಾಕರು ಶೀಟನ್ನು ಮತ್ತೊಮ್ಮೆ ಓದಿದರು. ಭುಜ ಕುಲುಕತೊಡಗಿತು.

"ಡೆಲ್ಬರ್ಟ್, ಬಿಟ್ಳಾ?"

"ಏನನ್ನ?"

"ಸಿಗರೇಟನ್ನ!"

ಮುದುಕ ಡಾಕ್ಟರು ಮೇಜು ಗುದ್ದಿ ಗುದ್ದಿ ನಕ್ಕರು. ಉಸಿರು ಸಿಗದೆ, ಮಾತಾಡಲಾಗದೆ, ಆರಿನ್ ಪರವಾಗಿ ಮೊದಲ ಕೈ ಎತ್ತಿದವರೂ ಅವರೇ. ಮೇಲೆದ್ದ ಮಿಕ್ಕವರೆಲ್ಲರ ಕೈಗಳನ್ನು ನಾನು ಎಣಿಸಿ ಮುಗಿಸಿದರೂ ಅವರ ನಗು ಮುಗಿದಿರಲಿಲ್ಲ.