ಮಠದ ಕಂಬಕ್ಕೆ ಅರಿಶಿನ

ನನ್ನ ಪ್ರೊಬೇಷನ್ನಿನ ಕೊನೆಯ ದಿನವೇ ಅತ್ತೆಗೆ ನನ್ನ ಕೆಲಸದ ಜಾಗ ನೋಡಬೇಕು ಅನ್ನಿಸಬೇಕೆ?

"ನಾಳೆ ಹೋಗೋಣ ಅತ್ತೆ" ಎಂದೆ.

"ನಾಳೆ ಶನಿವಾರ ಕಣೇ. ಮೊದಲ್ನೇ ಸಲ ಹೋಗೋದು, ಶುಕ್ರವಾರಾನೇ ಹೋಗ್ಬೇಕು."

ರೇಷ್ಮೆ ಸೀರೆಯ ಮೇಲೆ ಮಗನ ಹಳೇ ಓವರ್‌ಕೋಟು ಹಾಕಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದರು. ಮೈಸೂರಿನಿಂದ ಬಂದು ಇನ್ನೂ ಹದಿನೈದು ದಿನ. ನನ್ನ ಗಂಡ ಶೇಷಾದ್ರಿ ಆಸ್ಪತ್ರೆಯ ಡ್ಯೂಟಿಗೆ ಹೋಗಿಯಾಗಿತ್ತು. ಇನ್ನೇನು ಮಾಡಲಿ, ಕರೆದುಕೊಂಡು ಹೊರಟೆ. ನಮ್ಮ ಮನೆಯಿರುವ ಹ್ಯಾರೋದಿಂದ ಟ್ಯೂಬ್ ರೈಲಿನಲ್ಲಿ ಮುಕ್ಕಾಲು ಗಂಟೆ, ಅಷ್ಟೂ ಹೊತ್ತು ನಾನು ಮುಖ ಊದಿಸಿಕೊಂಡೇ ಕೂತಿದ್ದೆ.

ನಾನು ಕೆಲಸ ಮಾಡುವುದು ಲಂಡನ್ನಿನ ನಟ್ಟನಡುವೆ, ಆಫೀಸುಗಳ ಗಾಜಿನ ಕಟ್ಟಡಗಳ ಸಂದಿಯಲ್ಲಿರುವ ಆರುನೂರು ವರ್ಷ ಹಳೆಯ ಕ್ರೈಸ್ತ ಮಠದಲ್ಲಿ. ಸನ್ಯಾಸಿಗಳು ಹೋದ ಮೇಲೆ ಅದು ಗೋದಾಮಾಗಿತ್ತು, ಛಾಪಖಾನೆಯಾಗಿತ್ತು, ಯುದ್ಧದಲ್ಲಿ ಅರ್ಧ ಸುಟ್ಟೂ ಹೋಗಿತ್ತು. ಒಂದು ಟ್ರಸ್ಟಿನವರು ನಾಲ್ಕು ವರ್ಷ ರಿಪೇರಿ ಮಾಡಿ, ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಜನರಿಗೆ ತೆರೆದರು. ನಾನಲ್ಲಿ ಗೈಡು. ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು ಬಂದವಳು ಹದಿನಾಲ್ಕು ವರ್ಷ ಅರ್ಜಿ ಹಾಕಿದ್ದೇ ಹಾಕಿದ್ದು, ಸಿಕ್ಕಿದ್ದು ಇದೊಂದೇ. ನನ್ನನ್ನು ಖಾಯಂ ಮಾಡುತ್ತಾಳೋ ಮನೆಗೆ ಕಳಿಸುತ್ತಾಳೋ, ಮೇಲಧಿಕಾರಿ ಹೆಲೆನ್ ಅಂದು ಸಂಜೆ ಹೇಳುವವಳಿದ್ದಳು. ಹಿಂದಿನ ರಾತ್ರಿ ನನಗೆ ನಿದ್ದೆಯೇ ಬಂದಿರಲಿಲ್ಲ.

ಬೆಳಗ್ಗೆ ಒಂದು ಶಾಲೆಯ ಮಕ್ಕಳು ಬಂದು ಗಲಾಟೆ ಮಾಡಿ ಹೋದರು. ಆಮೇಲೆ ಖಾಲಿಯಾದ ಒಳಾಂಗಣದಲ್ಲಿ ಅತ್ತೆಯನ್ನು ಸುತ್ತಾಡಿಸಿದೆ. ಅವರಿಗೆ ಭಾರಿ ಖುಷಿ.

"ನಮ್ಮ ಮಠಗಳ ಥರಾನೇ ಇದ್ಯಲ್ಲೇ! ಎಲ್ರೂ ಒಟ್ಟಿಗೆ ಊಟಕ್ಕೆ ಕೂರೋ ಹಾಲು, ಮುಂದೇನೇ ಕೈ ತೊಳ್ಯೋಕೆ ಕಲ್ಲಿನ ತೊಟ್ಟಿ. ಸ್ವಾಮಿಗಳು ಎಲ್ಲಿದ್ದಾರೆ?"

"ಅವ್ರು ಹೋಗಿ ನಾನೂರೈವತ್ತು ವರ್ಷ ಆಯ್ತು ಅತ್ತೆ."

"ಅಯ್ಯೋ ಪಾಪ."

ಕೊನೆಗೆ ಪ್ರಾರ್ಥನೆಯ ಕೋಣೆಗೆ ಬಂದೆವು. ಅಲ್ಲಿ ನಾಲ್ಕು ದಪ್ಪ ಕಂಬಗಳಿವೆ. ಹಿಂದಿನ ವಾರವಷ್ಟೇ ಅವಕ್ಕೆ ಹಳೇ ಕ್ರಮದಲ್ಲೇ ಸುಣ್ಣ ಬಳಿದಿದ್ದರು. ಅತ್ತೆ ಕೈ ಮುಗಿದು ಕಣ್ಣು ಮುಚ್ಚಿ ನಿಂತರು. ನನಗೆ ಫೋನು ಬಂತು, ಮಾತಾಡಲು ಬಾಗಿಲಿನಾಚೆ ಹೋದೆ. ವಾಪಸು ಬರುವಷ್ಟರಲ್ಲಿ ಅವರು ಬ್ಯಾಗಿನಿಂದ ಅರಿಶಿನ ಕುಂಕುಮದ ಬಟ್ಟಲು ತೆಗೆದು, ಅಂಗೈಯಲ್ಲಿ ಅರಿಶಿನಕ್ಕೆ ಎರಡು ಹನಿ ನೀರು ಬೆರೆಸಿದ್ದರು. ನನ್ನ ಕೆನ್ನೆಗೆ ಹಚ್ಚಿ, ಹಣೆಗೆ ಕುಂಕುಮ ಇಟ್ಟು, "ಕೆಲ್ಸ ಖಾಯಂ ಆಗ್ಲಿ ತಾಯೀ" ಎಂದರು. ನನ್ನ ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ಅಷ್ಟರಲ್ಲಿ ಅವರು ಬೆರಳಲ್ಲಿ ಉಳಿದದ್ದನ್ನು, ಯಾವ ದೇವಸ್ಥಾನದಲ್ಲಾದರೂ ನಾವೆಲ್ಲ ಮಾಡುವ ಹಾಗೆ, ಪಕ್ಕದ ಕಂಬಕ್ಕೆ ಒರೆಸಿಬಿಟ್ಟರು.

ಸುಣ್ಣ ತಾಗಿದ ಅರಿಶಿನ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ನೋಡುತ್ತಿದ್ದಂತೆಯೇ ಮೂರು ಹಳದಿ ಗೆರೆಗಳು ಕೆಂಪಗಾದವು. ಕರ್ಚೀಫು ಒದ್ದೆ ಮಾಡಿ ಉಜ್ಜಿದೆ. ಅದು ಅಂಗೈಯಗಲ ಹರಡಿಕೊಂಡಿತು.

"ಏನ್ಮಾಡಿದ್ರಿ ಅತ್ತೆ! ನಿಮ್ಮ ಬುದ್ಧಿಗಿಷ್ಟು! ಇದೇನು ನಿಮ್ಮೂರ ಗುಡಿ ಅಂದ್ಕೊಂಡ್ರಾ? ಹದಿನಾಲ್ಕು ವರ್ಷ ಕಾದಿದ್ದೆ, ಒಂದ್ನಿಮಿಷದಲ್ಲಿ ಎಲ್ಲ ಹಾಳ್ಮಾಡಿದ್ರಲ್ಲ!"

ನನ್ನ ಧ್ವನಿ ಕಮಾನಿಗೆಲ್ಲ ತಾಗಿ ಮೊಳಗಿತು. ಅತ್ತೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ಕೂಗಾಟಕ್ಕೆ ಹೆಲೆನ್ ಓಡಿಬಂದಳು. ಕಂಬ ನೋಡಿ ನಿಂತಳು.

"ಅಯ್ಯೋ ದೇವರೇ. ಬೆಳಗ್ಗಿನ ಶಾಲೆ ಮಕ್ಕಳಾ?" ಎಂದು ಕೇಳಿದಳು.

ಹೌದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನಾಲಿಗೆ ತುದಿಗೆ ಬಂದಿತ್ತು. ಆದರೆ ನನ್ನ ಕೆನ್ನೆಯ ಮೇಲೂ ಅದೇ ಅರಿಶಿನ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ಮಕ್ಕಳು ಏನು ತಪ್ಪು ಮಾಡಿದ್ದರು?

"ಅಲ್ಲ, ನಮ್ಮತ್ತೆ. ನನ್ನ ಕೆಲಸಕ್ಕೆ ಒಳ್ಳೇದಾಗಲಿ ಅಂತ ಹರಸಿ ಕೈ ಒರೆಸಿದರು. ಒಬ್ಬರನ್ನೇ ಬಿಟ್ಟು ಹೋದದ್ದು ನನ್ನದೇ ತಪ್ಪು" ಎಂದೆ.

ಹೆಲೆನ್ ಹತ್ತಿರ ಹೋಗಿ ಕಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದಳು. ಎಣ್ಣೆ ಇದೆಯಾ ಎಂದು ಕೇಳಿದಳು. ಇಲ್ಲ, ಬರೀ ನೀರು ಎಂದೆ. ಅವಳು ಉಸಿರು ಬಿಟ್ಟಳು.

"ಹಾಗಾದರೆ ಕಲ್ಲಿಗೆ ಇಳಿದಿಲ್ಲ, ಸುಣ್ಣದ ಮೇಲೇ ನಿಂತಿದೆ. ಸುಣ್ಣ ಬಳಿಯುವುದೇ ಅದಕ್ಕೆ ಮಾಳವಿಕಾ, ಕಲೆಯೆಲ್ಲ ಅದು ತಾನು ತಗೊಂಡು ಕಲ್ಲನ್ನ ಉಳಿಸಲಿ ಅಂತ. ಸೋಮವಾರ ಒಂದು ಕೈ ಬಳಿದರಾಯಿತು. ಹೇಗಿದ್ದರೂ ಪ್ರತಿ ವಸಂತದಲ್ಲೂ ಬಳಿಯಬೇಕು. ಬರುವ ವರ್ಷದಿಂದ ಆ ಉಸ್ತುವಾರಿ ನಿನಗೇ."

"ಬರುವ ವರ್ಷ?"

"ಖಾಯಂ ಆದವರಿಗೆ ತಾನೇ ಅಂಥ ಕೆಲಸ ಕೊಡುವುದು? ಸಂಜೆ ಹೇಳೋಣ ಅಂತಿದ್ದೆ" ಎಂದು ನಕ್ಕು, ಟೀ ತರಲು ಹೋದಳು.

ನನಗೆ ಎದೆಯ ಮೇಲಿನ ಚಪ್ಪಡಿ ಎತ್ತಿದ ಹಾಗಾಯಿತು. ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತೆ. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಇಂಗ್ಲಿಷು ಅರ್ಥವಾಗದ ಅತ್ತೆ ಅದನ್ನು ನೋಡಿ ಇನ್ನಷ್ಟು ಹೆದರಿದರು.

"ಏನಂದ್ಳು? ಕೆಲ್ಸ ಹೋಯ್ತಾ? ನಾನ್ ಊರಿಗೆ ಹೊರಟ್ಹೋಗ್ತೀನಿ ಅಂತ ಹೇಳೇ ಅವ್ಳಿಗೆ. ಇನ್ಮೇಲೆ ಈ ಕಡೆ ತಲೆ ಹಾಕಲ್ಲ ಅನ್ನು."

"ಖಾಯಂ ಆಯ್ತು ಅತ್ತೆ! ಕಂಬಕ್ಕೂ ಏನೂ ಆಗಿಲ್ವಂತೆ."

"ನಿಜವಾಗ್ಲೂ?"

"ನಿಮ್ಮಾಣೆಗೂ."

ಅವರು ಪಕ್ಕದಲ್ಲಿ ಕೂತು, ಉಸ್ಸಪ್ಪಾ ಎಂದು ದೊಡ್ಡ ಉಸಿರು ಬಿಟ್ಟರು. ಸೆರಗಿನೊಳಗಿದ್ದ ಕೈ ಆಗ ಹೊರಗೆ ಬಂತು. ನಾನು ಅದನ್ನು ಹಿಡಿದುಕೊಂಡೆ. ನಾನಾಡಿದ ಮಾತು ನೆನೆದು ನಾಚಿಕೆಯಾಗಿ ತಲೆ ಎತ್ತಲಾಗಲಿಲ್ಲ.

"ಅತ್ತೆ, ಆಗ ಬಾಯಿಗೆ ಬಂದ ಹಾಗೆ ಬೈದ್ಬಿಟ್ಟೆ..."

"ಬೈದ್ಯಾ? ಯಾವಾಗ?" ಎಂದರು ಅತ್ತೆ. "ನಂಗೇನೂ ಕೇಳಿಸ್ಲಿಲ್ವಲ್ಲೇ."