ತೊಂದರೆ ಕೊಡದ ಅತಿಥಿ

“ಹೋಟೆಲಿನಲ್ಲಿ ರೂಮು ಹಿಡಿದಿದೀನಿ ಕಣೇ. ನಿನಗ್ಯಾಕೆ ಸುಮ್ನೆ ತೊಂದರೆ,” ಅಂದ ಟೋರ್ನಿ ಫೋನಿನಲ್ಲಿ.

“ಒಳ್ಳೇದಾಯ್ತು ಬಿಡು. ನಿಂಗೂ ಆರಾಮು,” ಅಂದಳು ಗುನ್ವೋರ್.

ಫೋನ್ ಇಟ್ಟು ಮಲಗುವ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ಕಟ್ಟಡದವರೆಲ್ಲ ಸರದಿ ಮೇಲೆ ಬಳಸುವ ನೆಲಮಾಳಿಗೆಯ ಬಟ್ಟೆ ಒಗೆಯೋ ಕೋಣೆಯಲ್ಲಿ ಮೊದಲೇ ಸರದಿ ಹಿಡಿದು, ಒಗೆದು, ಇಸ್ತ್ರಿ ಮಾಡಿ ಹಾಸಿದ ಬಿಳಿ ಹೊದಿಕೆಯ ಹಾಸಿಗೆ ಅವಳನ್ನೇ ನೋಡುತ್ತಿತ್ತು. ಬೀರುವಿನಲ್ಲಿ ಅರ್ಧ ಜಾಗ ಖಾಲಿ ಮಾಡಿದ್ದಳು. ಅರವತ್ತು ದಾಟಿದ ಹೆಂಗಸು, ಮೊನ್ನೆ ಮೊನ್ನೆವರೆಗೂ ಗೋಥೆನ್‌ಬರ್ಗಿನ ರಸ್ತೆಗಳಲ್ಲಿ ಟ್ರಾಮ್ ಓಡಿಸಿದವಳು, ಗಲಾಟೆ ಮಾಡೋ ಕುಡುಕರನ್ನ ಕಾಲರ್ ಹಿಡಿದು ಇಳಿಸಿದವಳು. ಒಬ್ಬ ಗಂಡಸಿಗೆ “ನಮ್ಮನೇಲೇ ಇರು” ಅನ್ನೋಕೆ ಮಾತ್ರ ಅವಳ ಬಾಯಿಗೆ ಬೀಗ ಬಿದ್ದಿತ್ತು.

ಅವಳೊಬ್ಬಳನ್ನೇ ಬೈದು ಏನು ಬಂತು? ಕಾಫಿಯೊಂದನ್ನು ಬಿಟ್ಟರೆ ಈ ದೇಶದ ನಮ್ಮ ಜನ ನಂಬೋ ಇನ್ನೊಂದು ದೇವರಿದ್ದರೆ ಅದು ‘ಯಾರಿಗೂ ತೊಂದರೆ ಕೊಡಬಾರದು’ ಅನ್ನೋದು. ಬರೋನು ಹೋಟೆಲ್ ಅಂದರೆ ಮುಗೀತು, ಹೋಟೆಲ್ಲೇ. ‘ಇಲ್ಲ, ನಮ್ಮನೆಗೇ ಬಾ’ ಅಂತ ಒತ್ತಾಯ ಮಾಡಿದರೆ ಪಾಪ, ಅವನಿಗೆ ಒಲ್ಲೆ ಅನ್ನೋಕೆ ಸಂಕೋಚ. ಸಂಕೋಚಕ್ಕೆ ಸಿಕ್ಕಿಸೋದೂ ತೊಂದರೆ ಕೊಟ್ಟ ಹಾಗೇ ಲೆಕ್ಕ. ಹೀಗೆ ಒಬ್ಬರಿಗೊಬ್ಬರು ತೊಂದರೆ ಕೊಡದೆ ಕೊಡದೆ ನಾವು ಒಂಟಿ ಒಂಟಿಯಾಗಿ ಮುದುಕರಾಗ್ತೀವಿ. ಅದನ್ನೇ ಸಭ್ಯತೆ ಅಂತ ಹೇಳ್ಕೊಂಡು ಬೀಗ್ತೀವಿ.

ಹರೆಯದಲ್ಲಿ ಇಬ್ಬರೂ ಒಂದೇ ಟ್ರಾಮ್ ಡಿಪೋದಲ್ಲಿದ್ದರು. ಎರಡು ಚಳಿಗಾಲ ಒಂದೇ ಮನೆಯಲ್ಲಿ ಕಳೆದರು, ಅಷ್ಟೆ. ಆಮೇಲೆ ಟೋರ್ನಿ ಅಪ್ಪನ ದೋಣಿ ಕಟ್ಟೋ ಕಸುಬು ನೋಡಿಕೊಳ್ಳೋಕೆ ಉತ್ತರದ ಹೆರ್ನೋಸಂದ್‌ಗೆ ಹೊರಟ. “ನೀನೂ ಬರ್ತೀಯಾ?” ಅಂತ ಅವನು ಕೇಳಲಿಲ್ಲ, “ಹೋಗಬೇಡ” ಅಂತ ಇವಳು ಅನ್ನಲಿಲ್ಲ. ಅವನು ಅಲ್ಲೇ ಮದುವೆಯಾದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಇವಳಿಗೂ ಒಂದು ಮದುವೆ ಆಗಿ, ಸದ್ದಿಲ್ಲದೆ ಮುಗಿದಿತ್ತು. ಹೋದ ಚಳಿಗಾಲಕ್ಕೆ ಮುಂಚೆ ಹಳೇ ಡ್ರೈವರೊಬ್ಬನ ಮಣ್ಣಿಗೆ ಬಂದವರು, ಚರ್ಚಿನ ಪಕ್ಕದ ಕಾಫಿ ಮೇಜಿನ ಹತ್ತಿರ ಎದುರುಬದುರಾದರು. ಅವತ್ತಿನಿಂದ ಭಾನುವಾರ ಬಂತೆಂದರೆ ಫೋನು. ಆ ಫೋನಿಗೋಸ್ಕರ ಗುನ್ವೋರ್ ಮಿಕ್ಕ ವಾರ ತಳ್ಳುತ್ತಿದ್ದಳು. ಈಗ ಅವನೇ ಬರುತ್ತಿದ್ದ, ಶುಕ್ರವಾರ ಬಂದು ಭಾನುವಾರ ಹೊರಡೋದು. ಈ ಸಲವಾದರೂ ಅವನು ಇಲ್ಲೇ ಉಳಿಯಲಿ, ಎರಡು ದಿನಕ್ಕಲ್ಲ, ಉಳಿದ ಆಯುಸ್ಸಿಗೆ. ಅವಳಿಗೆ ಬೇಕಿದ್ದದ್ದು ಅದೊಂದೇ.

ಮೇ ತಿಂಗಳ ಕೊನೆ. ಸ್ಟೇಷನ್ನಿನಲ್ಲಿ ಅಪ್ಪಿಕೊಳ್ಳೋದೋ ಕೈ ಕುಲುಕೋದೋ ಅಂತ ಇಬ್ಬರಿಗೂ ಗೊತ್ತಾಗದೆ, ಅವನು ಚಾಚಿದ ಕೈ ಅವಳ ಮೊಣಕೈಗೆ ಬಡಿಯಿತು. ಟೋರ್ನಿಯ ಕೂದಲು ಪೂರಾ ಬೆಳ್ಳಗಾಗಿತ್ತು, ಭುಜ ಮಾತ್ರ ಹಾಗೇ ಅಗಲ. ಆ ಭುಜದ ಮೇಲೆ ತಲೆ ಇಟ್ಟರೆ ಇವನು ಏನು ಅಂದುಕೊಂಡಾನು ಅಂತ ಯೋಚಿಸುವಷ್ಟರಲ್ಲಿ ಅವನು ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದ.

“ಇದೇನಿದು?”

“ಅಣ್ಣನ ಮಗಳು ಕಂಪ್ಯೂಟರಿಂದ ತೆಗೆದುಕೊಟ್ಟಳು. ಎರಡು ದಿನದಲ್ಲಿ ಗೋಥೆನ್‌ಬರ್ಗ್, ಏನೇನು ನೋಡಬೇಕು, ಏನೇನು ಮಾಡಬೇಕು.”

“ನೀನು ಈ ಊರಲ್ಲಿ ಟ್ರಾಮ್ ಓಡಿಸಿದವನು ಕಣಯ್ಯ.”

“ಓಡಿಸುವಾಗ ರಸ್ತೆ ನೋಡ್ತಿದ್ನಾ, ಊರು ನೋಡ್ತಿದ್ನಾ?”

“ರಸ್ತೆನೂ ನೋಡ್ತಿರಲಿಲ್ಲ. ಹಾಲಿನ ಲಾರಿಗೆ ಗುದ್ದಿದ್ದು ಮರೆತ್ಯಾ?”

“ಅದು ಲಾರಿಯವನ ತಪ್ಪು.”

“ಅವನೂ ನಿನ್ನ ಬಗ್ಗೆ ಹಾಗೇ ಅಂದಿದ್ದ.”

ಟೋರ್ನಿ ನಕ್ಕ. ಫೋನಿನಲ್ಲಿ ಕೇಳೋ ನಗುವೇ ಬೇರೆ, ಪಕ್ಕದಲ್ಲಿ ನಿಂತು ನಗೋದೇ ಬೇರೆ.

ಸರಿ, ಅವನು ಸೂಟ್‌ಕೇಸ್ ಹೋಟೆಲಿನಲ್ಲಿಟ್ಟು ಬಂದಮೇಲೆ ಹಾಳೆ ಹೇಳಿದ ಹಾಗೆ ಊರು ಸುತ್ತಿದರು. ಹಾಗಾ ಅನ್ನೋ ಬೀದಿಯ ಹಳೇ ಮರದ ಮನೆಗಳ ನಡುವೆ, ಅವಳು ಹುಟ್ಟಿದಾರಭ್ಯ ಕಾಲಿಡದ ಕಾಫಿ ಅಂಗಡಿಯಲ್ಲಿ, ತಟ್ಟೆಯಷ್ಟಗಲದ ದಾಲ್ಚಿನ್ನಿ ಬನ್ನು ತಿಂದರು. “ಇಷ್ಟು ದೊಡ್ಡದನ್ನ ಯಾರು ತಿಂತಾರೆ?” ಅಂದ ಟೋರ್ನಿ. “ಪ್ರವಾಸಿಗಳು,” ಅಂದಳು ಗುನ್ವೋರ್. ಅವನು ತನ್ನದನ್ನೂ ಮುಗಿಸಿ ಅವಳದ್ದರಲ್ಲೂ ಅರ್ಧ ತಿಂದ. ಗಾಜಿನ ಮನೆಯೊಳಗೆ ತಾಳೆ ಮರ ನೋಡಿದರು, ಬೆವರಿ ಆಚೆ ಬಂದರು. ಟ್ರಾಮ್ ಹತ್ತಿದಾಗೆಲ್ಲ ಗುನ್ವೋರಳ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಅವನ ಕಾಲೂ ಒತ್ತುತ್ತಿದ್ದುದನ್ನು ಕಂಡು ಅವಳಿಗೆ ಅಳುವೇ ಬಂತು.

ಸಂಜೆ ಮೀನಿನೂಟ ಆದಮೇಲೆ, ಹೊರಗೆ ಇನ್ನೂ ಬೆಳ್ಳನೆ ಬೆಳಕು. ಹೋಟೆಲಿನ ಬಾಗಿಲಲ್ಲಿ ಟೋರ್ನಿ ಸುಮಾರು ಹೊತ್ತು ಕೋಟಿನ ಗುಂಡಿ ಹಾಕುತ್ತಾ ಬಿಚ್ಚುತ್ತಾ ನಿಂತ.

“ಹಾಗಾದ್ರೆ ನಾನು...” ಅಂದ.

“ಹೂಂ, ನಿಂಗೂ ಸುಸ್ತಾಗಿರತ್ತೆ,” ಅಂದಳು ಅವಳು.

“ಹಾಗೇನಿಲ್ಲ.”

“ಇಲ್ಲ ಇಲ್ಲ, ಮಲಗು ಹೋಗು.”

ಮನೆಗೆ ಬಂದು ಆ ಬಿಳಿ ಹಾಸಿಗೆಯಲ್ಲಿ ಒಂದು ಮಗ್ಗುಲಿಗೆ ಮಾತ್ರ ಮಲಗಿದಳು. ಇನ್ನೊಂದು ಮಗ್ಗುಲು ಸುಕ್ಕಾಗಬಾರದು, ನಾಳೆಗೆ ಬೇಕಾದೀತು. ಅಂಥ ಹುಚ್ಚು.

ಶನಿವಾರ ದೋಣಿಯಲ್ಲಿ ದ್ವೀಪಕ್ಕೆ ಹೋದರು. ದೋಣಿಕಟ್ಟೆಯಲ್ಲಿ ಬೇಯಿಸಿದ ಸೀಗಡಿಯನ್ನು ಕಾಗದದ ಚೀಲದಲ್ಲಿ ಕೊಂಡು, ಬಿಸಿಲಿಗೆ ಕಾದ ಬಂಡೆಯ ಮೇಲೆ ಕೂತರು. ಟೋರ್ನಿ ಸಿಪ್ಪೆ ಸುಲಿದು ಸುಲಿದು ಅವಳ ಬ್ರೆಡ್ಡಿನ ಮೇಲೆ ಇಡುತ್ತಿದ್ದ. ಡಿಪೋದಲ್ಲೂ ಹೀಗೇ ಮಾಡುತ್ತಿದ್ದ, ತನಗೆ ಒಂದು ತಿಂದು ಅವಳಿಗೆ ಎರಡು. ಇವನು ದಿನಾ ಹೀಗೆ ಎದುರಿಗೆ ಕೂತು ಬೆರಳು ನೆಕ್ಕುತ್ತಾ ಇದ್ದರೆ ಸಾಕು, ನನಗೆ ಇನ್ನೇನೂ ಬೇಡ ಅನಿಸಿತು ಗುನ್ವೋರಳಿಗೆ.

“ಸಿಕ್ಸ್ಟೆನ್ ಗೊತ್ತಲ್ಲ, ನಮ್ಮ ಪಕ್ಕದ ಮನೆಯವನು,” ಅಂದ ಟೋರ್ನಿ, ಸಮುದ್ರದ ಕಡೆ ನೋಡುತ್ತಾ. “ನನ್ನ ಮನೆ ತಗೋತೀನಿ ಅಂತಾನೆ. ಮಗಳಿಗೆ ಬೇಕಂತೆ. ಭಾನುವಾರ ರಾತ್ರಿಯೊಳಗೆ ಹೂಂ ಊಂಹೂಂ ಹೇಳ್ತೀನಿ ಅಂದಿದೀನಿ.”

ಗುನ್ವೋರಳ ಕೈಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. “ಮಾರಿದ್ರೆ ನೀನೆಲ್ಲಿರ್ತೀಯಾ?”

“ಅದೇ ಗೊತ್ತಾಗ್ತಿಲ್ಲ ನೋಡು,” ಅಂದ ಅವನು.

ಇದಕ್ಕಿಂತ ಅಗಲವಾಗಿ ಬಾಗಿಲು ತೆರೆದು ಕೊಡೋಕೆ ಯಾರಿಂದಾದೀತು? ಆದರೆ ಅವಳಿಗೆ ಅನಿಸಿದ್ದೇ ಬೇರೆ. ಈಗ ನಾನು ‘ಇಲ್ಲಿಗೆ ಬಾ’ ಅಂದರೆ, ಇವನು ಪಾಪ, ಹುಟ್ಟಿದ ಊರು, ಹೆಂಡತಿಯ ಗೋರಿ, ಕಟ್ಟಿದ ದೋಣಿಗಳು ಎಲ್ಲ ಬಿಟ್ಟು ದಾಕ್ಷಿಣ್ಯಕ್ಕೆ ಬಂದುಬಿಟ್ಟರೆ? ಜೀವನಪೂರ್ತಿ ಅವನಿಗೆ ನಾನು ಹೊರೆ. ಹಾಗಂತ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಒದ್ದಾಡಿ, ಕೊನೆಗೆ ಹೇಳಿದ್ದು ಇಷ್ಟು: “ಆತುರ ಮಾಡಬೇಡ ಟೋರ್ನಿ. ಇದ್ದ ಮನೆ ಮಾರೋದು ಸುಲಭ, ಮತ್ತೆ ಸಿಗಲ್ಲ.”

“ಹೌದು,” ಅಂದ ಟೋರ್ನಿ. “ಹೌದೌದು. ನೀನು ಹೇಳೋದು ಸರಿ.”

ಕೈಲಿದ್ದ ಸಿಪ್ಪೆಯನ್ನೆಲ್ಲ ಕಡಲಹಕ್ಕಿಗಳ ಕಡೆ ಎಸೆದ. ಆಮೇಲೆ ಸೀಗಡಿ ಸುಲಿಯಲಿಲ್ಲ.

ವಾಪಸ್ ಬಂದು ಮತ್ತೆ ಹಾಳೆ. ದೊಡ್ಡ ಉದ್ಯಾನದಲ್ಲಿ ಗುಡ್ಡದ ಮೇಲಿನ ತಿರುಗುತೊಟ್ಟಿಲು ಹತ್ತಿದರು. ಮೇಲಕ್ಕೆ ಹೋದಾಗ ಊರೆಲ್ಲ ಕಾಲ ಕೆಳಗೆ, ನದಿ, ಕ್ರೇನುಗಳು, ದೂರದಲ್ಲಿ ಕಡಲು.

“ನಿನ್ನ ಮನೆ ಎಲ್ಲಿ ಬರತ್ತೆ?” ಅಂದ.

“ಅಗೋ ಅಲ್ಲಿ, ಹಳದಿ ಕಟ್ಟಡ. ಮೂರನೇ ಮಹಡಿ.”

“ಬಾಲ್ಕನಿ ಚೆನ್ನಾಗಿದೆ.”

“ಹೂಂ. ಸಂಜೆ ಬಿಸಿಲು ಬರತ್ತೆ.”

ಕೇಳಿದ್ರಾ? ನೂರಾರು ಮೈಲಿ ದೂರದಿಂದ ಬಂದವನಿಗೆ ಅವಳ ಮನೆ ಕಂಡದ್ದು ತಿರುಗುತೊಟ್ಟಿಲ ಮೇಲಿಂದ. ಹಾಳೆಯಲ್ಲಿ ಅವಳ ಮನೆ ಇರಲಿಲ್ಲ, ಅವನು ಕೇಳಲಿಲ್ಲ. ಕರೆದರೆ ಅರ್ಥ ಬೇರೆಯಾದೀತು ಅಂತ ಅವಳೂ ಕರೆಯಲಿಲ್ಲ. ತೊಟ್ಟಿಲು ಕೆಳಗಿಳಿಯಿತು, ಹಳದಿ ಕಟ್ಟಡ ಮರಗಳ ಹಿಂದೆ ಹೋಯಿತು.

ಭಾನುವಾರ ಬೆಳಗ್ಗೆ ದಾರಿಗೆಂದು ಬ್ರೆಡ್ಡು ಕಟ್ಟಿಕೊಂಡು ಗುನ್ವೋರ್ ಹೋಟೆಲಿಗೆ ಹೋದರೆ, ಟೋರ್ನಿ ಆಗಲೇ ಹೊರಟಾಗಿತ್ತು.

“ಗುನ್ವೋರ್ ಅಂದ್ರೆ ನೀವೇನಾ?” ಅಂದಳು ಸ್ವಾಗತದ ಮೇಜಿನ ಹುಡುಗಿ. ಎದೆಯ ಮೇಲೆ ಶಿರಿನ್ ಅಂತ ಹೆಸರಿನ ಪಟ್ಟಿ. “ನಾನೇ ಸ್ಟೇಷನ್ನಿಗೆ ಹೋಗ್ತೀನಿ, ಇಲ್ಲಿವರೆಗೆ ಬಂದು ಅವಳಿಗ್ಯಾಕೆ ತೊಂದರೆ, ಆಮೇಲೆ ಫೋನ್ ಮಾಡ್ತೀನಿ ಅಂತ ಹೇಳೋಕೆ ಹೇಳಿದ್ರು.”

“ಹೂಂ. ಥ್ಯಾಂಕ್ಸಮ್ಮ.”

ನಮ್ಮ ಕಡೆಯ ಹುಡುಗಿಯಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಶಿರಿನಳ ಮನೆಯವರು ಇರಾನಿನಿಂದ ಬಂದವರು. ಅವಳು ಇಲ್ಲೇ ಹುಟ್ಟಿದ್ದರೂ ನಾಲಿಗೆಗೆ ಇಲ್ಲಿಯ ಹಿಮ ಹತ್ತಿರಲಿಲ್ಲ.

“ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನಿಮ್ಮ ಮನೇಲಿ ಜಾಗ ಇಲ್ವಾ?”

“ಯಾಕೆ?”

“ಅಲ್ಲ, ಆ ಅಜ್ಜ ಸೂಟ್‌ಕೇಸ್ ಮೇಲಕ್ಕೆ ತಗೊಂಡೇ ಹೋಗ್ಲಿಲ್ಲ. ಇಲ್ಲೇ ಕೆಳಗೆ ಇಡು, ಬಹುಶಃ ರೂಮು ಬೇಕಾಗಲ್ಲ, ಗೆಳತಿ ಕರೀಬಹುದು ಅಂದ್ರು ಶುಕ್ರವಾರ. ರಾತ್ರಿ ಬಂದು ಬರೀ ಹಲ್ಲುಜ್ಜೋ ಬ್ರಷ್ ತಗೊಂಡು ಹೋದ್ರು. ನಿನ್ನೆ ಬೆಳಗ್ಗೆನೂ ಅದೇ ಕಥೆ, ಇವತ್ತು ಬೇಕಾಗಲ್ವೇನೋ ಅಂದ್ರು. ನಿನ್ನೆ ರಾತ್ರಿ ಬಂದು ಏನೂ ಅನ್ಲಿಲ್ಲ, ಸೂಟ್‌ಕೇಸ್ ಎತ್ಕೊಂಡು ಮೇಲೆ ಹೋದ್ರು.” ಹುಡುಗಿ ತುಟಿ ಕಚ್ಚಿಕೊಂಡಳು. “ನಮ್ಮನೆಗೆ ಬಂದೋರು ಹೋಟೆಲಿಗೆ ಹೋದ್ರೆ ನಮ್ಮಜ್ಜಿ ವಾರಗಟ್ಟಲೆ ಊಟ ಬಿಡ್ತಾಳೆ. ಅದಕ್ಕೇ ಕೇಳ್ದೆ.”

ಗುನ್ವೋರ್ ಆಚೆ ಬಂದು, ಟ್ರಾಮಿಗೆ ಕಾಯದೆ, ಬ್ರೆಡ್ಡಿನ ಪೊಟ್ಟಣ ಎದೆಗವಚಿಕೊಂಡು ಓಡಿದಳು. ಕೆಂಪು ದೀಪ ಇದ್ದಾಗ ರಸ್ತೆ ದಾಟಿದಳು. ನಮ್ಮ ಊರಲ್ಲಿ ಅದೇನು ಸಣ್ಣ ಅಪರಾಧವಲ್ಲ, ಒಬ್ಬ ತಂದೆ ಮಗುವಿನ ಕಣ್ಣು ಮುಚ್ಚಿದ. ಅಯ್ಯೋ ದರಿದ್ರದವಳೇ, ಅಂತ ತನಗೆ ತಾನೇ ಬೈದುಕೊಂಡಳು. ಅಳದಿದ್ದರೆ ತಾಯಿಯೂ ಹಾಲು ಕೊಡಲ್ಲ, ನೀನು ಬಾಯಿ ಬಿಡದೆ ಗಂಡಸನ್ನ ಬಯಸಿದೆಯಲ್ಲ.

ರೈಲು ನಿಂತಿತ್ತು. ಕಿಟಕಿ ಕಿಟಕಿ ಇಣುಕಿ ಕೊನೆಗೆ ಅವನನ್ನು ಕಂಡಳು. ಎಲ್ಲಿ ಕೂತಿದ್ದ ಅಂತೀರಿ? ಮೌನದ ಬೋಗಿಯಲ್ಲಿ. ಅಲ್ಲಿ ಮಾತಾಡೋ ಹಾಗಿಲ್ಲ, ಫೋನ್ ಮಾಡೋ ಹಾಗಿಲ್ಲ, ಕೆಮ್ಮಿದರೂ ಜನ ತಿರುಗಿ ನೋಡ್ತಾರೆ. ಅಕ್ಕಪಕ್ಕದವರಿಗೆ ತೊಂದರೆ ಆಗದಿರಲಿ ಅಂತ ಆರಿಸಿಕೊಂಡ ಜಾಗ. ಗುನ್ವೋರ್ ಹತ್ತಿದಳು. ಏದುಸಿರು ಬಿಡುತ್ತಾ ಅವನ ಮುಂದೆ ನಿಂತಳು.

“ಟೋರ್ನಿ,” ಅಂದಳು, ಇಡೀ ಬೋಗಿಗೆ ಕೇಳೋ ಹಾಗೆ. “ನೀನು ನನಗೆ ತೊಂದರೆ ಕೊಡಬೇಕು.”

ಅವನು ಬಾಯಿ ತೆರೆದು ಕೂತ. ಎದುರು ಸಾಲಿನ ಹೆಂಗಸು ಗೋಡೆಯ ಮೇಲಿನ ಫಲಕದ ಕಡೆ ಬೆರಳು ಮಾಡಿದಳು. “ದಯವಿಟ್ಟು,” ಅಂತ ಪಿಸುಗುಟ್ಟಿದಳು.

“ಸ್ವಲ್ಪ ತಡ್ಕೊಳ್ಳಿ, ನನಗೆ ಮೂವತ್ತೈದು ವರ್ಷದ್ದು ಹೇಳೋದಿದೆ,” ಅಂದಳು ಗುನ್ವೋರ್ ಅವಳಿಗೆ. ಆಮೇಲೆ ಇವನಿಗೆ. “ನಿನ್ನ ಬೂಟು ನನ್ನ ಬಾಗಿಲಿಗೆ ಅಡ್ಡ ಬಿದ್ದಿರಬೇಕು. ನಿನ್ನ ಗೊರಕೆಗೆ ನನ್ನ ನಿದ್ದೆ ಕೆಡಬೇಕು. ನಾನು ಬಟ್ಟೆ ಒಗೆಯೋಕೆ ಸರದಿ ಹಿಡಿದ್ರೆ ಅರ್ಧ ನಿಂದೇ ಇರಬೇಕು. ಅವತ್ತು ಹೋಗಬೇಡ ಅನ್ನಬೇಕಿತ್ತು ಕಣೋ, ಅನ್ಲಿಲ್ಲ. ಈಗ ಅಂತಿದೀನಿ. ಹೋಗಬೇಡ.”

ಅಷ್ಟರಲ್ಲಿ ಬಾಗಿಲು ಮುಚ್ಚಿತು, ರೈಲು ಮೆಲ್ಲಗೆ ಹೊರಟಿತು. ಗುನ್ವೋರಳ ಹತ್ತಿರ ಟಿಕೆಟ್ಟೂ ಇರಲಿಲ್ಲ, ಬ್ರೆಡ್ಡಿನ ಪೊಟ್ಟಣ ಮಾತ್ರ. ಟೋರ್ನಿ ಕಿಟಕಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅವಳು ಕೂತಳು. ಅವನ ಕೈ ಬಂದು ಅವಳ ಕೈ ಮೇಲೆ ಕೂತಿತು, ಒರಟು ಕೈ, ಬಿಗಿಯಾಗಿ ಹಿಡಿದಿತ್ತು. ಇಷ್ಟೆಲ್ಲ ಹೇಳಿದಮೇಲೆ ಈ ಹಾಳು ಬೋಗಿಯಲ್ಲಿ ಉತ್ತರ ಕೇಳೋ ಹಾಗೂ ಇಲ್ಲವಲ್ಲ ಅಂತ ಅವಳ ಜೀವ ಚಡಪಡಿಸಿತು. ಕೆರೆ ಬಂತು, ಹೋಯಿತು. ಹೊಲ ಬಂತು, ಹೋಯಿತು. ಅವನು ಹೊರಗೇ ನೋಡುತ್ತಿದ್ದ, ಗಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಮುಂದಿನ ನಿಲ್ದಾಣ ಹೆರ್ಯುಂಗ ಅಂತ ಧ್ವನಿ ಬಂತು. ಟೋರ್ನಿ ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ:

“ಅಲ್ಲಿ ನೋಡೋಕೆ ಏನಿದೆ?”

“ವಾಪಸ್ ಹೋಗೋ ರೈಲು,” ಅಂದಳು ಗುನ್ವೋರ್.

ಅವನು ಎದ್ದು ಸೂಟ್‌ಕೇಸ್ ಇಳಿಸಿಕೊಂಡ.