ಗುರುಸಿದ್ದವ್ವನ ಬಾಯಿಗೆ ಅಂಟಿದ್ದು

ವಿಜಯಪುರದಲ್ಲಿ ಮೇಲಿನ, ಕೆಳಗಿನ ಎರಡೂ ಕಟ್ಟು ಹಲ್ಲಿನ ಸೆಟ್ಟಿಗೆ ಹದಿನೆಂಟು ಸಾವಿರ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದರೂ ಚಹಾ, ಉಪ್ಪಿಟ್ಟು ಅಂತ ಇನ್ನೂರು. ಎರಡು ಆಡಿನ ಬೆಲೆ ಬಾಯೊಳಗೆ ಕೂತಿತೆಂದು ತಿಕೋಟಾದ ಗುರುಸಿದ್ದವ್ವ ಲೆಕ್ಕ ಹಾಕಿದಳು. ಅಂಥದ್ದನ್ನು ರಾತ್ರಿ ತೆಗೆದು ನೀರಲ್ಲಿಡು ಎಂದು ಡಾಕ್ಟರು ಹೇಳಿದರೆ ಯಾರು ಕೇಳುತ್ತಾರೆ? ಇಲಿ ಒಯ್ದರೆ? ದಿನಾ ಹಾಕಿಕೊಂಡೇ ಮಲಗತೊಡಗಿದಳು.

ಬೇಸಿಗೆಗೆ ಬಾಯಿ ಉರಿಯತೊಡಗಿತು. ನಾಲಿಗೆಯ ಮೇಲೆ ಮೊಸರಿನ ಗರಣೆಯಂಥ ಬಿಳಿ ಪದರ. ಉಪ್ಪು ಹಚ್ಚಿ ಬಟ್ಟೆಯಿಂದ ತಿಕ್ಕಿದರೆ ರಕ್ತ ಬಂತು, ಉರಿ ಹೋಗಲಿಲ್ಲ.

ಸೊಸೆ ವಿಜಯಲಕ್ಷ್ಮೀ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದಳು. ಹಣ್ಣು ಅದ್ದುವ ನೀರಿಗೆ ಅಲ್ಲೊಂದು ಪುಡಿ ಕಲಸುತ್ತಾರೆ. ಕೈಗೆ ಹತ್ತಿದರೆ ಸುಡುತ್ತದೆ. ಮುದುಕಿಗೆ ಹೊಳೆದದ್ದು ಅದೇ.

"ಮಜ್ಜಿಗ್ಯಾಗ ಶೆಡ್ಡಿನ ಪುಡಿ ಹಾಕ್ಯಾಳಲೇ ಇಕಿ!" ಮಗನ ಮುಂದೆ ಬಾಯಿ ತೆರೆದಳು. "ನೋಡೋ ಯಪ್ಪಾ, ನನ್ನ ಜೀವಂತ ಸುಡಾಕತ್ತಾಳ!"

ಮಗ ಸಂಗನಬಸವ ತಾಟು ಒದ್ದು ಎದ್ದ.

"ನಾನೂ ಅದ ಮಜ್ಜಿಗಿ ಕುಡೀತೇನಲ್ರಿ, ಅತ್ತಿ..."

ಮಾತು ಮುಗಿಯುವ ಮೊದಲೇ ಅವನ ಅಂಗೈ ಅವಳ ಎಡಗಿವಿಗೆ ಬಿತ್ತು. ಬೀಸುವ ಕಲ್ಲಿಗೆ ಹಣೆ ಬಡಿದು ಬಿದ್ದಳು. ಜಡೆ ಹಿಡಿದೆತ್ತಿ ಅದೇ ಕಿವಿಗೆ ಮತ್ತೆ ಹೊಡೆದ, ಪಕ್ಕೆಗೆ ಒದ್ದ. ಕಿವಿಯ ರಕ್ತಕ್ಕೆ ಕುಪ್ಪಸ ತೊಯ್ದಾಗ ಗುರುಸಿದ್ದವ್ವನೇ ಚೀರಿದಳು: "ಸಾಕೋ, ಸತ್ತಾಳು!"

ಸೆರಗಿನಿಂದ ಕಿವಿ ಒತ್ತಿಕೊಂಡು ವಿಜಯಲಕ್ಷ್ಮೀ ಬಬಲೇಶ್ವರದ ಬಸ್ಸು ಹತ್ತಿ ಜೈನಾಪುರದ ತವರಿಗೆ ಹೋದಳು.

ಈಗ ಮಜ್ಜಿಗೆ ಕಡೆಯುವವಳು ಮುದುಕಿಯೇ. ಆದರೂ ಉರಿ ಹೆಚ್ಚಿತು. ಮಗ ಅವಳನ್ನು ವಿಜಯಪುರಕ್ಕೆ ಕರೆದೊಯ್ದ. ಹಲ್ಲಿನ ಡಾಕ್ಟರ್ ಕೈನಾತ ಸೆಟ್ಟು ಕಳಚಿ ನೋಡಿದಳು.

"ರಾತ್ರಿ ತಗದಿಡ್ತೀರೇನ್ರಿ, ಆಯಿ?"

"ಇಲಿ ಒಯ್ದರ ನೀ ಕೊಡಸ್ತೀ ಏನ?"

ಡಾಕ್ಟರಿಗೆ ನಗು ಬಂತು. "ಇದು ಯೀಸ್ಟ್ ಅಂತ, ಬೂಜಿನ ಜಾತಿ. ಎಲ್ಲಾರ ಬಾಯಾಗೂ ಒಂದೀಟು ಇರ್ತೈತ್ರಿ. ಉತ್ತರಾಣಿ ಬೀಜ ಸೀರಿ ಹಿಡದಂಗ, ಇದರ ಮೈಮ್ಯಾಲಿನ ಪ್ರೊಟೀನು ಕೊಂಡಿ ಹಾಕ್ತಾವ. ಮೊದಲು ಸೆಟ್ಟಿಗೆ, ಆಮ್ಯಾಲ ಬಾಯಿ ಚರ್ಮದ ಜೀವಕೋಶಕ್ಕ. ತಿಕ್ಕಿದ್ರ ಚರ್ಮ ಕಿತ್ತೀತು, ಅದು ಬಿಡಂಗಿಲ್ಲ."

"ಹಂಗಾರ... ಯಾರೂ ಏನೂ ಹಾಕಿಲ್ಲಾ?"

"ಯಾರ ಹಾಕ್ತಾರ್ರಿ? ರಾತ್ರಿನೂ ಸೆಟ್ಟು ತಗೀಲಾರದ ನೀವ ಸಾಕೀರಿ."

ಸಂಗನಬಸವ ಎದ್ದು ಹೊರಗೆ ಹೋದ. ಆವತ್ತೇ ಇಬ್ಬರೂ ಜೈನಾಪುರಕ್ಕೆ ಹೋದರು.

"ತಪ್ಪಾತವ್ವಾ, ಮನಿಗೆ ಬಾ," ಎಂದಳು ಗುರುಸಿದ್ದವ್ವ.

ವಿಜಯಲಕ್ಷ್ಮೀ ಬಲಗಿವಿ ತಿರುಗಿಸಿ ಮತ್ತೊಮ್ಮೆ ಹೇಳಿಸಿಕೊಂಡಳು. "ಇನ್ನೊಂದ ಕಿವಿ ಉಳದೈತ್ರಿ, ಅತ್ತಿ. ಅದನ್ನ ನಿಮ್ಮ ಮನಿಗೆ ತರಂಗಿಲ್ಲ."

ಔಷಧಕ್ಕೆ ಮುದುಕಿಯ ಬಾಯಿ ಹಸನಾಯಿತು. ಸೊಸೆಯ ಎಡಗಿವಿ ಮತ್ತೆ ಕೇಳಲಿಲ್ಲ. ಸೊಸೆ ತಿಕೋಟಾಕ್ಕೆ ಬರಲಿಲ್ಲ.